ಬೈಗುಳದ ಫೈಲು

ಮೌಲ್ಯಮಾಪನ ತಂಡ ಬರಲು ನಾಲ್ಕು ದಿನ ಇದೆ ಎನ್ನುವಾಗ ವಿಭಾಗದ ಗೋಡೆಗಳಿಗೆಲ್ಲ ಬಣ್ಣ ಬಿತ್ತು, ಮುರಿದ ಬೆಂಚುಗಳು ಮಹಡಿ ಕೋಣೆ ಸೇರಿದವು, ವರ್ಷಗಟ್ಟಲೆ ತೊಟ್ಟಿಕ್ಕುತ್ತಿದ್ದ ನಲ್ಲಿಗೂ ಬುದ್ಧಿ ಬಂತು. ಹೊರಗಿನಿಂದ ಮೂವರು ಬಂದು, ಎರಡು ದಿನ ಕೂತು, ಇಲ್ಲಿ ಸಂಖ್ಯಾಶಾಸ್ತ್ರದ ಪದವಿ ಕಲಿಸುವ ಯೋಗ್ಯತೆ ಇದೆಯೋ ಇಲ್ಲವೋ ಎಂದು ಬರೆದು ಹೋಗುತ್ತಾರೆ. ಅದಕ್ಕೇ ಎಲ್ಲರೂ ಹೆಣ್ಣಿನ ಕಡೆಯವರ ಹಾಗೆ ಓಡಾಡುತ್ತಿದ್ದರು.

ಸರಾಸರಿ ಮೇಡಂ ಮಾತ್ರ ಒಂದು ದಪ್ಪ ಫೈಲು ಮುಂದಿಟ್ಟುಕೊಂಡು ಅಲ್ಲಾಡದೆ ಕೂತಿದ್ದಳು. ಅಡ್ಡಹೆಸರು ವಿದ್ಯಾರ್ಥಿಗಳು ಇಟ್ಟದ್ದು, ಅವಳಿಗೂ ಅದು ಇಷ್ಟವೇ. ಹನ್ನೊಂದು ವರ್ಷದಿಂದ ಗುತ್ತಿಗೆ ಮೇಲೆ ಪಾಠ ಮಾಡುತ್ತಿದ್ದವಳು. ವಿದ್ಯಾರ್ಥಿಗಳು ಪ್ರತಿ ವರ್ಷ ಹೆಸರು ಹಾಕದೆ ಬರೆದುಕೊಡುವ ಫೀಡ್‌ಬ್ಯಾಕ್ ಹಾಳೆಗಳನ್ನು ಕಾಪಾಡುವುದೂ ಅವಳದೇ ಕೆಲಸ.

"ಇದ್ರಲ್ಲಿ ಮೂವತ್ತೇಳು ಹಾಳೆ ಕೆಟ್ಟದಾಗಿದೆ, ತೆಗೆದುಬಿಡಿ" ಎಂದರು ವಿಭಾಗದ ಮುಖ್ಯಸ್ಥರು. "ಅದರ ಜಾಗಕ್ಕೆ ಹುಡುಗರ ಕೈಲಿ ಚೆನ್ನಾಗಿ ಬರೆಸಿ ಸೇರಿಸಿ. ನಿಮಗೇ ಒಳ್ಳೇದು ಮೇಡಂ. ಅದ್ರಲ್ಲಿ ಮೂವತ್ತೊಂದು ನಿಮ್ಮ ಮೇಲೇನೇ ಇರೋದು!"

ಅವಳು ಫೈಲಿನ ದಾರ ಬಿಗಿದು ಕಟ್ಟಿದಳು.

"ಕಾಯಂ ಹುದ್ದೆಗೆ ನಿಮ್ಮ ಹೆಸರು ಹೋಗಿದೆ. ತಂಡ ಆ ಕಡೆ ಹೊರಟ ಮಾರನೇ ದಿನವೇ ನನ್ನ ಸಹಿ."

ಆ ಬೈಗುಳಗಳು ಅವಳಿಗೆ ಬಾಯಿಪಾಠ. ಮೊದಲ ಸಲ ಓದಿದ ದಿನ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅತ್ತಿದ್ದಳು. "ಮೇಡಂ ಬೋರ್ಡಿಗೆ ಪಾಠ ಮಾಡ್ತಾರೆ, ನಾವು ಅವರ ಬೆನ್ನು ನೋಡ್ಕೊಂಡು ಕೂತಿರ್ತೀವಿ" ಎಂದು ಒಬ್ಬ ಬರೆದಿದ್ದ. ಮುಂದಿನ ವಾರದಿಂದ ಅವಳು ತಿರುಗಿ ನಿಂತಳು. "ಬರೀ ನಾಣ್ಯ, ದಾಳ. ನಾವೇನು ಜೂಜು ಕಲಿಯೋಕೆ ಬಂದಿದ್ದೀವಾ?" ಎಂದು ಇನ್ನೊಬ್ಬಳು ಕೇಳಿದ್ದಳು. ಆ ವರ್ಷ ಇಡೀ ತರಗತಿಯನ್ನು ಬಸ್‌ಸ್ಟಾಪಿಗೆ ಕರೆದೊಯ್ದು, ಜನ ಎಷ್ಟೆಷ್ಟು ನಿಮಿಷ ಕಾಯುತ್ತಾರೆ ಎಂದು ಬರೆಸಿದಳು. ದೊಡ್ಡ ದೊಡ್ಡ ಪಂಡಿತರು ಕಲಿಸದ್ದನ್ನು ಈ ಹೆಸರಿಲ್ಲದ ಕಿಲಾಡಿಗಳು ಕಲಿಸಿದ್ದರು. ಅವರಿಗೆ ಅವಳು ಪ್ರತಿ ವರ್ಷ ಹೇಳುತ್ತಿದ್ದ ಮೊದಲ ಪಾಠವೂ ಒಂದೇ: ಹಿಡಿಸದ ಸಂಖ್ಯೆಯನ್ನು ಬಿಸಾಡಿದರೆ ಅದು ಲೆಕ್ಕವಲ್ಲ, ಕಳ್ಳತನ. ಈಗ ಅವಳೇ ಕದಿಯಬೇಕಂತೆ. ಓದೋದು ಶಾಸ್ತ್ರ, ಇಕ್ಕೋದು ಗಾಳ!

ಮನೆಯಲ್ಲಿ ಗಂಡ ಹೇಳಿದ, "ಎಲ್ಲಾ ಕಡೆ ಹೀಗೇ ಕಣೆ. ನಿನ್ನನ್ನ ಬೈದಿರೋ ಹಾಳೆ ತಾನೆ, ಹರಿದು ಹಾಕು. ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕ್ಕೋತೀಯಾ?"

ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದ ಅತ್ತೆ ಕನ್ನಡಕ ತೆಗೆದರು. "ಜ್ವರ ಇರೋರ ಚೀಟೀಲಿ ಜ್ವರ ಇಲ್ಲ ಅಂತ ಬರೆದ್ರೆ ಜ್ವರ ಬಿಡುತ್ತೇನೋ?" ಎಂದು ಮಗನನ್ನು ಗದರಿಸಿ, ಸೊಸೆಯ ಕಡೆ ತಿರುಗಿದರು. "ಆದ್ರೆ ಕೆಲಸ ಹೋದ್ರೆ ಏನು ಮಾಡೋದು ಅಂತ ನನ್ನ ಕೇಳ್ಬೇಡಮ್ಮ. ಅದು ನನಗೆ ಗೊತ್ತಿಲ್ಲ."

ತಂಡ ಬಂದ ದಿನ ಬೆಳಿಗ್ಗೆ, ಒಂದು ಹಾಳೆಯನ್ನೂ ತೆಗೆಯದೆ ಅವಳು ಫೈಲನ್ನು ಸಭೆಯ ಕೋಣೆಯ ಮೇಜಿಗೆ ಸೇರಿಸಿದಳು.

ಎರಡನೇ ದಿನ ಮಧ್ಯಾಹ್ನ ತಂಡದ ಅಧ್ಯಕ್ಷೆ, ತಲೆ ಪೂರ್ತಿ ನೆರೆತ ಹೆಂಗಸು, ಅದನ್ನು ಬಿಚ್ಚಿದರು. ಬೆನ್ನಿನ ಮಾತನ್ನು ಗಟ್ಟಿಯಾಗಿ ಓದಿ ನಕ್ಕರು. "ಯಾರು ಈ ಮೇಡಂ?"

"ನಾನೇ."

"ಹಳೇ ಕಾಗದ, ತಪ್ಪಿ ಸೇರ್ಕೊಂಡಿದೆ" ಎಂದು ಮುಖ್ಯಸ್ಥರು ನಡುವೆ ಬಾಯಿ ಹಾಕಿದರು.

ಅಧ್ಯಕ್ಷೆಯ ನಗು ನಿಂತಿತು. "ಹುಡುಗರಿಂದ ಒಂದೇ ಒಂದು ದೂರೂ ಇಲ್ಲ ಅಂತ ಮುಖ್ಯಸ್ಥರೇ, ನೀವು ನಮಗೆ ಮೊದಲೇ ಕಳಿಸಿದ ವರದಿ ಹೇಳುತ್ತೆ. ಫೈಲು ಬೇರೇನೇ ಹೇಳ್ತಿದೆ. ಫೈಲು ನೋಡಿಕೊಳ್ಳೋರು ನೀವಲ್ವಾ ಮೇಡಂ? ಯಾವುದು ನಿಜ ಅಂತ ನಾಲ್ಕು ಗಂಟೆಯೊಳಗೆ ಬರೆದುಕೊಡಿ."

ಹೊರಗೆ ಬಂದದ್ದೇ ಮುಖ್ಯಸ್ಥರು ಅವಳಿಗೆ ಅಡ್ಡ ನಿಂತರು. ಸಿಟ್ಟು ಮಾಡಲಿಲ್ಲ, ಅದೇ ಕಷ್ಟವಾಯಿತು. "ಗಡಿಬಿಡೀಲಿ ಹಳೇ ಕಾಗದ ಸೇರಿಸ್ಬಿಟ್ಟೆ, ತಪ್ಪಾಯ್ತು ಅಂತ ಎರಡು ಸಾಲು ಬರೀರಿ, ಸಾಕು. ಕೈ ಮುಗೀತೀನಿ. ನಿಮ್ಮ ನೇಮಕದ ಆದೇಶ ನನ್ನ ಮೇಜಿನ ಮೇಲೇ ಇದೆ."

ಅವಳು ಕಿಟಕಿಯ ಕಟ್ಟೆಯ ಮೇಲೆ ಕಾಗದ ಇಟ್ಟು ಪೆನ್ನು ತೆಗೆದಳು. ಭಯವಿತ್ತು, ಇಲ್ಲ ಎಂದರೆ ಸುಳ್ಳಾದೀತು. ಹನ್ನೊಂದು ಬೇಸಿಗೆ, ಹನ್ನೊಂದು ಅರ್ಜಿ, ಹನ್ನೊಂದು ಸಲ "ದಯವಿಟ್ಟು ಮುಂದುವರಿಸಬೇಕೆಂದು ಕೋರುತ್ತೇನೆ". ತಪ್ಪಾಯ್ತು ಎಂದು ಈಗ ಬರೆದರೆ ಆ ಅರ್ಜಿಗಳ ಕಾಟ ಮುಗಿಯುತ್ತದೆ. ಆದರೆ ಆ ಮೂವತ್ತೇಳು ಮಂದಿ ಬರೆದದ್ದೂ ಅಲ್ಲಿಗೇ ಮುಗಿಯುತ್ತದೆ. ಅದನ್ನು ನೆನೆದದ್ದೇ ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಮೂವತ್ತೇಳು ಹಾಳೆಗಳನ್ನು ತೆಗೆಯಲು ವಿಭಾಗದ ಮುಖ್ಯಸ್ಥರು ನನಗೆ ಹೇಳಿದರು. ನಾನು ತೆಗೆಯಲಿಲ್ಲ. ಅವುಗಳಲ್ಲಿ ಮೂವತ್ತೊಂದು ನನ್ನ ಮೇಲಿನ ದೂರುಗಳು, ಹೆಚ್ಚಿನವು ಸರಿಯಾಗಿವೆ. ಫೈಲು ನಿಜ, ವರದಿ ಸುಳ್ಳು."

ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಹಾಕಿದಳು. ಹೆಗಲ ಮೇಲಿಂದ ಓದುತ್ತಿದ್ದ ಮುಖ್ಯಸ್ಥರ ಬಣ್ಣ ಇಳಿದುಹೋಯಿತು.

"ಹುದ್ದೆ ಬೇಡ್ವೇನ್ರೀ ನಿಮಗೆ?"

"ಬೇಕು ಸರ್, ಹನ್ನೊಂದು ವರ್ಷದಿಂದ ಬೇಕು" ಎಂದಳು. ಬಾಗಿಲು ತಳ್ಳಿ ಒಳಗೆ ಹೋಗಿ, ಕಾಗದವನ್ನು ಅಧ್ಯಕ್ಷೆಯ ಕೈಗೆ ಕೊಟ್ಟಳು.