ಪೀಪಾಯಿಗೆ ಬಂದ ಕರೆಂಟು

ರೋಂಡಾ ಬೆರಳುಗಳ ಬೆನ್ನನ್ನು ಪೀಪಾಯಿಗೆ ತಾಗಿಸಿದ್ದೇ ತಡ, ಕೈ ತಾನಾಗಿ ಹಿಂದಕ್ಕೆ ಹಾರಿತು. ಅಂಗೈಯಿಂದ ಮುಟ್ಟಿದರೆ ಬೆರಳು ಬಿಗಿದು ಅಲ್ಲೇ ಕಚ್ಚಿಕೊಳ್ಳುತ್ತದೆ ಎಂದು ಕೆಲಸಕ್ಕೆ ಸೇರಿದ ಮೊದಲ ವಾರವೇ ಕಲಿತಿದ್ದಳು. ಹತ್ತೊಂಬತ್ತು ವರ್ಷ ವೈರಿಂಗ್ ಮಾಡಿದ ಮೇಲೆ ಗುರುತಿಲ್ಲದ ಲೋಹವನ್ನು ಬೇರೆ ಥರ ಮುಟ್ಟುವುದೇ ಅವಳಿಗೆ ಮರೆತುಹೋಗಿತ್ತು.

"ಏನಾಯ್ತೇ?" ಎಂದ ಅವಳ ಅಣ್ಣ ಗಾರ್ತ್.

"ನಿನ್ನ ಪೀಪಾಯಿಗೇ ಕರೆಂಟ್ ಬಂದಿದೆ."

"ಓ, ಅದಾ! ಒಂಚೂರು ಜುಮ್ ಅನ್ನುತ್ತೆ ಅಷ್ಟೇ. ಅದಕ್ಕೇ ಮ್ಯಾಟ್ ಹಾಕಿರೋದು."

ಅವನು ತನ್ನ ಪಿಕಪ್ಪಿನಿಂದ ಕಿತ್ತು ತಂದ ರಬ್ಬರ್ ಮ್ಯಾಟಿನ ಮೇಲೆ ರಾಜನ ಹಾಗೆ ನಿಂತಿದ್ದ. ರೋಂಡಾ ನಿಂತಿದ್ದು ಅವನ ಮನೆಯ ನೆಲಮಾಳಿಗೆಯ ಒದ್ದೆ ಸಿಮೆಂಟಿನ ಮೇಲೆ. ಮನೆಯಲ್ಲೇ ಬಿಯರ್ ಮಾಡಲೆಂದು ಗಾರ್ತ್ ಹಳೇ ಬಿಯರ್ ಪೀಪಾಯಿಯ ತಲೆ ಕತ್ತರಿಸಿ, ಪಕ್ಕದಲ್ಲಿ ತೂತು ಕೊರೆದು, ವಾಟರ್ ಹೀಟರಿನ ಕಾಯಿಲ್ ತುರುಕಿದ್ದ. ಬಟ್ಟೆ ಒಣಗಿಸುವ ಯಂತ್ರದ ಪ್ಲಗ್ ಕಿತ್ತು, ಅದೇ ಜಾಗಕ್ಕೆ ಇದನ್ನು ಚುಚ್ಚಿದ್ದ. ನೀರು ಆಗಷ್ಟೇ ಬೆಚ್ಚಗಾಗುತ್ತಿತ್ತು. ಮೂಲೆಯಲ್ಲಿ ಪುಡಿ ಮಾಡಿದ ಬಾರ್ಲಿಯ ಬಕೆಟ್ಟು.

"ಯಾರು ಮಾಡಿದ್ದು ಈ ವೈರಿಂಗು?"

"ನಾನೇ. ಲೈಲ್ ಸ್ವಲ್ಪ ಹೇಳ್ಕೊಟ್ಟ."

"ಲೈಲ್ ಹಿಮ ಗುಡಿಸೋ ಲಾರಿ ಓಡಿಸೋನು ಕಣೋ!"

"ಅವನ ಮನೇದು ಎರಡು ವರ್ಷದಿಂದ ನಡೀತಿದೆ. ಎಲ್ಲಾ ಸೇರಿ ಇನ್ನೂರು ಡಾಲರ್ ಆಗಿಲ್ಲ, ಗೊತ್ತಾ? ಅಂಗಡೀದಾದ್ರೆ ಎರಡು ಸಾವಿರ."

ರೋಂಡಾ ಬಗ್ಗಿ ನೋಡಿದಳು. ಗೋಡೆಯ ಸಾಕೆಟ್ಟು ಮೂರು ತೂತಿನ ಹಳೇ ಕಾಲದ್ದು; ಎರಡು ಕರೆಂಟಿಗೆ, ಒಂದು ನ್ಯೂಟ್ರಲ್ಲಿಗೆ, ಅರ್ಥಿಂಗ್ ಇಲ್ಲ. ಕೇಬಲ್ಲಿನ ಹಸಿರು ತಂತಿಯನ್ನು ನೀಟಾಗಿ ಕತ್ತರಿಸಿ ಟೇಪು ಸುತ್ತಿದ್ದ. ಕರೆಂಟು ಸೋರಿದರೆ ತಾನೇ ಬಿದ್ದುಬಿಡುವ ಬ್ರೇಕರು ಎಲ್ಲೂ ಕಾಣಲಿಲ್ಲ. ಅದರ ಬದಲು ಪೀಪಾಯಿಗೆ ಹಾಕಿದ ಹೊಸ ಸ್ಟೀಲಿನ ಕೊಳಾಯಿ ಥಳಥಳಿಸುತ್ತಿತ್ತು.

"ಇವತ್ತು ನಿಮ್ಮ ಬಿಯರ್ ಕ್ಲಬ್ಬಿಂದ ಎಷ್ಟು ಜನ ಬರ್ತಿದಾರೆ?"

"ಹನ್ನೊಂದು."

"ಮ್ಯಾಟ್ ಎಷ್ಟಿದೆ?"

ಅವನು ತನ್ನ ಕಾಲಡಿಯ ಮ್ಯಾಟನ್ನು ನೋಡಿಕೊಂಡ.

ಅವಳು ಪ್ಲಗ್ ಎಳೆದು ಬಿಸಾಕಿದಳು. ಸೊಂಟದ ಚೀಲದಿಂದ ಕಟಿಂಗ್ ಪ್ಲೇಯರ್ ತೆಗೆದು ಕೇಬಲ್ಲನ್ನು ಪೀಪಾಯಿಯ ಬುಡದಲ್ಲೇ ಕಚಕ್ಕೆಂದು ಕತ್ತರಿಸಿದಳು.

"ಹುಚ್ಚು ಹಿಡೀತೇನೆ ನಿಂಗೆ? ಇನ್ನು ಅರ್ಧ ಗಂಟೇಲಿ ಬರ್ತಾರೆ!"

"ಬರಲಿ. ಬದುಕಿದ್ದು ವಾಪಸ್ ಹೋಗ್ತಾರೆ. ಊರೆಲ್ಲಾ ನನ್ನ ಕರೆದು ವೈರಿಂಗ್ ಮಾಡಿಸ್ಕೊಳ್ಳುತ್ತೆ. ಒಡಹುಟ್ಟಿದ ನಿಂಗೆ ಒಂದು ಫೋನ್ ಮಾಡೋಕೆ ಏನು ರೋಗ?"

"ಮಾಡಿದ್ರೆ ಏನಾಗ್ತಿತ್ತು? ತಂಗಿ ಮಾಡ್ಕೊಟ್ಟಳು ಅಂತ ಎಲ್ರೂ ನಗೋರು. ಫ್ಯಾಕ್ಟರಿ ಮುಚ್ಚಿದ ಮೇಲೆ ನನ್ನ ಕೈಯಾರೆ ಮಾಡಿದ್ದು ಇದೊಂದೇ ಕಣೆ, ಒಂದೇ!"

ಅವನ ಮುಖ ಕೆಂಪಾಗಿತ್ತು. ಅವಳದೂ ಅಷ್ಟೇ. ಕನಿಕರ ಉಕ್ಕಿಬಂದಿದ್ದಕ್ಕೆ ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಕನಿಕರ ಅಂತ ಅವನನ್ನು ಸಾಯಲು ಬಿಡಬೇಕೆ?

"ವ್ಯಾನಲ್ಲಿ ಅರ್ಥಿಂಗ್ ಇರೋ ನಾಲ್ಕೆಳೆ ಕೇಬಲ್ ಇದೆ, ಬ್ರೇಕರ್ ಡಬ್ಬಿ ಇದೆ," ಎಂದಳು. "ನಾನು ತರಲ್ಲ. ಬೇಕಿದ್ರೆ ನೀನೇ ಹೋಗಿ ತಗೊಂಬಾ. ಬೇಡ ಅಂದ್ರೆ ಬರೋರಿಗೆಲ್ಲಾ ಕಾಫಿ ಮಾಡಿ ಕೊಡು."

ಗಾರ್ತ್ ಬಕೆಟ್ಟನ್ನು ಒದ್ದು, ಮೆಟ್ಟಿಲು ಹತ್ತಿ ಹೋದ. ಮೇಲೆ ಬಾಗಿಲು ಧಡಾರೆಂದಿತು. ಬಾರ್ಲಿ ನೆಲದ ತುಂಬ ಚೆಲ್ಲಿತ್ತು.

ನೆಲಮಟ್ಟದ ಪುಟ್ಟ ಕಿಟಕಿಯಲ್ಲಿ ಅವನ ಚಪ್ಪಲಿಯ ಕಾಲುಗಳು ಕಂಡವು. ಹಿಮ ತುಳಿಯುತ್ತ ಬಂದು ಅವಳ ಹೆಸರು ಬರೆದ ವ್ಯಾನಿನ ಪಕ್ಕ ನಿಂತವು. ಅಷ್ಟರಲ್ಲಿ ಒಂದು ಕಾರು ಬಂತು. ಬೂಟು ಹಾಕಿದ ಎರಡು ಕಾಲು ಇಳಿದವು.

"ಏನ್ ಗಾರ್ತ್, ಅರ್ಧಗಂಟೆ ಮುಂಚೆ ಬಂದುಬಿಟ್ಟೆ! ತಂಗೀನ ಕರೆಸಿದೀಯಾ?"

ಚಪ್ಪಲಿ ಕಾಲುಗಳು ಬೂಟಿನ ಕಡೆಗೊಮ್ಮೆ ತಿರುಗಿ, ಮತ್ತೆ ವ್ಯಾನಿನ ಕಡೆ ತಿರುಗಿದವು. ಆಮೇಲೆ ವ್ಯಾನಿನ ಬಾಗಿಲು ಗರಗರ ಸರಿಯಿತು. ಮೇಲಿನ ಹಿಮದ ಹೆಂಟೆ ಜಾರಿ ಚಪ್ಪಲಿಯಿಂದ ಹೊರಗಿದ್ದ ಅವನ ಬೆರಳುಗಳ ಮೇಲೆ ಬಿತ್ತು. ಅವನು ಅದನ್ನು ಕೊಡವಿಕೊಳ್ಳಲಿಲ್ಲ.