ಹೆಗಲ ಮೇಲೆ ಗಡಿಕಲ್ಲು

ಜಮೀನಿನ ವ್ಯಾಜ್ಯ ಹಿಡಿದು ಬೆಟ್ಟ ಹತ್ತುವುದೆಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ನಾನು ಶ್ಕೋದರ್ ಪಟ್ಟಣದ ವಕೀಲ. ಕಕ್ಷಿದಾರರು ನನ್ನ ಕಚೇರಿಯ ಮೆಟ್ಟಿಲು ಹತ್ತಬೇಕೇ ಹೊರತು ನಾನು ಅವರ ಬೆಟ್ಟ ಹತ್ತಬಾರದು. ಆದರೆ ನನ್ನ ಕಕ್ಷಿದಾರಳಾದ ಮ್ರಿಕಾಳ ಅಡುಗೆಮನೆಯೇ ಕೈತಪ್ಪುವ ಹಾಗಿತ್ತು. ಬೈದುಕೊಂಡೇ ಹೋದೆ.

ಗಂಡ ಸತ್ತ ಮೇಲೆ ಮ್ರಿಕಾ ಚಾರಣಕ್ಕೆ ಬರುವವರಿಗೆ ಊಟ, ಹಾಸಿಗೆ ಕೊಟ್ಟು ಬದುಕುತ್ತಿದ್ದಳು. ಅದಕ್ಕೆಂದೇ ಮನೆಗೆ ಹೊಂದಿಕೊಂಡಂತೆ ದೊಡ್ಡ ಅಡುಗೆಮನೆ ಕಟ್ಟಿಸಿದ್ದಳು. ಪಕ್ಕದ ಮನೆಯ ಜೆಲೋಶ್, ಗಂಡನ ದೊಡ್ಡಪ್ಪನ ಮಗ, ಅದು ತನ್ನ ನೆಲದಲ್ಲಿದೆ, ಕೆಡವಬೇಕು ಎಂದು ಕೂತಿದ್ದ. ಇಬ್ಬರ ಪತ್ರದಲ್ಲೂ ‘ಹಳೆಯ ಗಡಿಯವರೆಗೆ’ ಎಂದಷ್ಟೇ ಬರೆದಿತ್ತು. ಆ ಗಡಿಯ ಕಲ್ಲುಗಳನ್ನು, ಹೊಲಗಳನ್ನೆಲ್ಲ ಒಂದು ಮಾಡಿದ ಸರ್ಕಾರದ ಸಹಕಾರಿ ಬೇಸಾಯದ ಕಾಲದಲ್ಲೇ ಕಿತ್ತು ಹೊಳೆಗೆ ಎಸೆದಿದ್ದರು. ಅವನ್ನು ಕಣ್ಣಾರೆ ಕಂಡವರಲ್ಲಿ ಉಳಿದವಳು ಮ್ರಿಕಾಳ ಅತ್ತೆ ದ್ರಾಂದೆ ಒಬ್ಬಳೇ.

ಅಂಗಳದಲ್ಲಿ ನಾನು ಕಡತ ಬಿಚ್ಚುತ್ತಿದ್ದಂತೆ ಜೆಲೋಶ್ ಕೈ ಅಡ್ಡ ಹಿಡಿದ. “ವಕೀಲ್ರೇ, ಆ ಕಾಗದ ಮಡಚಿ ಇಡಿ. ದ್ರಾಂದೆ ಚಿಕ್ಕಮ್ಮ ಕಲ್ಲು ಹೊತ್ತು ನಡೀಲಿ. ಅವಳು ನಡೆದದ್ದೇ ಗಡಿ. ನಾನು ತುಟಿಪಿಟಕ್ ಅನ್ನಲ್ಲ.”

“ಹೆಂಗಸು ಕಲ್ಲು ಹೊರೋದುಂಟೇನೋ?” ಎಂದು ಸೇರಿದ್ದ ಊರವರಲ್ಲಿ ಒಬ್ಬ ರಾಗ ಎಳೆದ.

“ಗಡಿ ಗೊತ್ತಿದ್ದ ಗಂಡಸ್ರನ್ನೆಲ್ಲ ಹೂತಾಯ್ತಲ್ಲಪ್ಪ. ನಿಮ್ಮಜ್ಜನ್ನ ಎಬ್ಬಿಸ್ಕೊಂಡು ಬರ್ತೀಯಾ?” ಎಂದಳು ದ್ರಾಂದೆ.

ಈ ಬೆಟ್ಟದವರ ಕಟ್ಟಳೆ ಇದು. ಗಡಿ ಬಲ್ಲವರು ಹೆಗಲ ಮೇಲೆ ಒಂದು ಕಲ್ಲು, ಒಂದು ಹೆಂಟೆ ಮಣ್ಣು ಇಟ್ಟುಕೊಂಡು ಹಳೆಯ ಗಡಿಯ ಮೇಲೆ ನಡೆಯಬೇಕು. ಸುಳ್ಳು ದಾರಿ ತುಳಿದರೆ ಸತ್ತ ಮೇಲೂ ಆ ಭಾರ ಇಳಿಯುವುದಿಲ್ಲವಂತೆ. ನಾನು ಒಳಗೊಳಗೇ ಹಿಗ್ಗಿದೆ. ತಾನುಣ್ಣುವ ಅನ್ನಕ್ಕೆ ತಾನೇ ಮಣ್ಣು ಹಾಕಿಕೊಳ್ಳುವ ಮುದುಕಿ ಎಲ್ಲಾದರೂ ಉಂಟೇ? ಜೆಲೋಶ್ ತನ್ನ ಗುಂಡಿ ತಾನೇ ತೋಡಿಕೊಂಡ ಎಂದುಕೊಂಡೆ.

ಮ್ರಿಕಾ ತಾನೇ ಅತ್ತೆಯ ಹೆಗಲಿಗೆ ಕಂಬಳಿ ಮಡಚಿ ಹಾಕಿ, ಮೇಲೆ ಕಲ್ಲು ಮಣ್ಣು ಇಟ್ಟಳು. ಆಕ್ರೋಟ್ ಮರದ ಬುಡದಿಂದ ದ್ರಾಂದೆ ಹೊರಟಳು. ಬಾಗಿದ ಬೆನ್ನು, ಆದರೆ ಹೆಜ್ಜೆಯಲ್ಲಿ ಅನುಮಾನವಿಲ್ಲ. ಹಿತ್ತಲ ಬೇಲಿಯ ಹತ್ತಿರ ಅವಳು ಬಲಕ್ಕೆ ತಿರುಗಿದ್ದರೆ ಅಡುಗೆಮನೆ ಪೂರ್ತಿ ನಮ್ಮದು. ಅವಳು ತಿರುಗಲಿಲ್ಲ. ನೆಟ್ಟಗೆ ಹೋಗಿ ಅಡುಗೆಮನೆಯ ಮುಚ್ಚಿದ ಬಾಗಿಲ ಮುಂದೆ ನಿಂತಳು.

ಗೋಡೆ ಬಳಸಿ ಹೋಗಮ್ಮ ಎಂದು ಕೂಗಬೇಕೆನಿಸಿತು ನನಗೆ.

ಆಗ ಮ್ರಿಕಾ ಗುಂಪಿನಿಂದ ಬಂದಳು. ಅತ್ತೆಯ ಮುಖ ನೋಡಿದಳು. ಸೆರಗಿನಂತೆ ಇಳಿಬಿದ್ದ ತಲೆವಸ್ತ್ರದಲ್ಲಿ ಕೈ ಒರೆಸಿಕೊಂಡು ಚಿಲಕ ತೆಗೆದು, ಬಾಗಿಲನ್ನು ಅಗಲವಾಗಿ ತೆರೆದು ಹಿಡಿದಳು. ಆಮೇಲೆ ಒಳಗೆ ಓಡಿ ಹಿಂಬಾಗಿಲನ್ನೂ ತೆರೆದಳು. ದ್ರಾಂದೆ ಒಲೆಯ ಪಕ್ಕದಿಂದ, ಕುದಿಯುವ ಹುರುಳಿಕಾಯಿ ಬೀಜದ ಪಾತ್ರೆಯ ಪಕ್ಕದಿಂದ ಹಾದು, ಆ ಬಾಗಿಲಲ್ಲಿ ಹೊರಬಿದ್ದು, ಹೊಳೆಯ ದಂಡೆಯಲ್ಲಿ ಕಲ್ಲು ಇಳಿಸಿದಳು. ಒಲೆ ಜೆಲೋಶನ ಪಾಲಿಗೆ ಬಿದ್ದಿತ್ತು.

ಇಷ್ಟು ವರ್ಷ ನ್ಯಾಯಾಲಯದಲ್ಲಿ ಎಷ್ಟೋ ಪ್ರಮಾಣ ಕೇಳಿದ್ದೇನೆ, ಒಂದನ್ನೂ ಹೀಗೆ ಕಂಡಿರಲಿಲ್ಲ. ಆದರೂ ಕಸುಬು ಬಿಡುತ್ತದೆಯೇ? ಮ್ರಿಕಾಳ ಕಿವಿಯಲ್ಲಿ ಹೇಳಿದೆ: “ಇದಕ್ಕೆ ಕೋರ್ಟಲ್ಲಿ ಬೆಲೆ ಇಲ್ಲಮ್ಮ. ನಾವಿನ್ನೂ ಹೋರಾಡಬಹುದು.”

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. “ವಕೀಲ್ರೇ, ಅತ್ತೆ ನಡೆದಾಗ ನೀವೂ ಇಲ್ಲೇ ಇದ್ರಲ್ವಾ?”

ಜೆಲೋಶ್ ಬಿಳಿ ಟೋಪಿ ತೆಗೆದು ಕೈಯಲ್ಲಿ ಹಿಸುಕುತ್ತ ನಿಂತಿದ್ದ. ಗೆದ್ದವನ ಮುಖವಾಗಿರಲಿಲ್ಲ ಅದು.

“ಮ್ರಿಕಾ, ಒಲೆ ಅಲ್ಲೇ ಇರ್ಲಿ,” ಎಂದ ಕೊನೆಗೆ. “ಬದಲಿಗೆ ಆಕ್ರೋಟ್ ಮರದ ಕೆಳಗಿನ ತುಂಡು ನೆಲ ಕೊಡು, ಸಾಕು.”

“ಆಗ್ಲಿ ಭಾವ,” ಎಂದಳು. ಚೌಕಾಸಿ ಮಾಡಲಿಲ್ಲ. ನಾನು ಅಲ್ಲೇ ಕೂತು ವಿನಿಮಯ ಪತ್ರದ ಕರಡು ಬರೆದೆ.

ದ್ರಾಂದೆ ಹೊಳೆಯ ದಂಡೆಯಲ್ಲೇ ಕೂತು ಹೆಗಲು ನೀವಿಕೊಳ್ಳುತ್ತಿದ್ದಳು. ಜೆಲೋಶ್ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ.

“ಚಿಕ್ಕಮ್ಮ, ಗೋಡೆ ಎಬ್ಬಿಸೋವಾಗ್ಲೇ ಹೇಳಬಹುದಿತ್ತಲ್ಲ?”

“ಕಣ್ಣಿನ ಆಪರೇಶನ್ ಅಂತ ಮಗಳ ಮನೇಲಿದ್ದೆ. ಬರೋ ಹೊತ್ತಿಗೆ ಸೂರೂ ಹಾಕಿಯಾಗಿತ್ತು. ಸೊಸೆ ಎಷ್ಟು ಖುಷಿಯಾಗಿದ್ಲು ಗೊತ್ತಾ? ಬಾಯಿ ಮುಚ್ಕೊಂಡೆ.”

“ಇವತ್ತೂ ಮುಚ್ಕೋಬಹುದಿತ್ತು. ಆ ಕಡೆ ತಿರುಗಿದ್ರೆ ಯಾರಿಗೆ ಗೊತ್ತಾಗ್ತಿತ್ತು?”

ಮುದುಕಿ ಅವನ ಕೆನ್ನೆ ತಟ್ಟಿದಳು.

“ಹೊಳೆವರೆಗೆ ಹೊರೋಷ್ಟರಲ್ಲೇ ನನ್ನ ಜೀವ ಬಾಯಿಗೆ ಬಂತಲ್ಲೋ ಮಗಾ. ಸತ್ತ ಮೇಲೂ ಹೊರು ಅಂದ್ರೆ ಎಲ್ಲಿಂದ ಆಗುತ್ತೆ ನನ್ನ ಕೈಲಿ?”