ಜೋಪಾನ ಎಂಬ ಮಗು

ಆಪರೇಷನ್ ಥಿಯೇಟರಿನ ಕ್ಯಾಮೆರಾ ಸರಿಯಾಗಿ ನೋಡುತ್ತಿದೆಯೇ ಎಂದು ಪರೀಕ್ಷಿಸುವುದು ಅವಳ ಕೆಲಸ. ಆಸ್ಪತ್ರೆಯವರೆಲ್ಲ ಅವಳನ್ನು ಕ್ಯಾಮೆರಾ ಮೇಡಂ ಎಂದೇ ಕರೆಯುತ್ತಿದ್ದರು. ಸರ್ಜನ್ನರ ಕೈಯಲ್ಲಿರುವ ಸಲಾಕೆಗೆ ಹೊಳೆಯುವ ಸಣ್ಣ ಗುಂಡುಗಳನ್ನು ಸಿಕ್ಕಿಸಿರುತ್ತಾರೆ. ಎರಡು ಕಣ್ಣಿನ ಆ ಕ್ಯಾಮೆರಾ ಈ ಗುಂಡುಗಳನ್ನು ನೋಡಿ, ಸಲಾಕೆಯ ತುದಿ ರೋಗಿಯ ತಲೆಯೊಳಗೆ ಎಲ್ಲಿದೆ ಎಂದು ಪರದೆಯ ಮೇಲೆ ತೋರಿಸುತ್ತದೆ. ಅದು ಒಂದೆರಡು ಮಿಲಿಮೀಟರ್ ತಪ್ಪು ತೋರಿಸಿದರೂ ಅನಾಹುತ. ಮರುದಿನ ಬೆಳಿಗ್ಗೆ ಒಬ್ಬ ಬಸ್ ಡ್ರೈವರನ ಕಣ್ಣಿನ ಹಿಂದಿದ್ದ ಗಡ್ಡೆ ತೆಗೆಯುವುದಿತ್ತು. ಅಷ್ಟರೊಳಗೆ ಅಳತೆ ಸರಿಹೋಗಬೇಕಿತ್ತು.

ಅದಕ್ಕೆಂದೇ ಅವಳ ಬಳಿ ಒಂದು ಪ್ಲಾಸ್ಟಿಕ್ ತಲೆ ಇತ್ತು. ಅದರ ಹಣೆಗೂ ಮೂರು ಗುಂಡುಗಳು, ಮೈಮೇಲೆ ಒಂಬತ್ತು ಕುಳಿಗಳು. ಮೊದಲು ಅದನ್ನು ಸ್ಕ್ಯಾನ್ ಮಾಡಿಸಬೇಕು. ಆಮೇಲೆ ಒಂದೊಂದು ಕುಳಿಗೂ ಸಲಾಕೆ ಮುಟ್ಟಿಸಿ, ಕ್ಯಾಮೆರಾ ಹೇಳುವ ಜಾಗವೂ ಸ್ಕ್ಯಾನಿನಲ್ಲಿರುವ ಜಾಗವೂ ಒಂದೇ ಹೌದೋ ಅಲ್ಲವೋ ನೋಡಬೇಕು.

ಸ್ಕ್ಯಾನ್ ಕೋಣೆಗೆ ಹೊಸ ಕಂಪ್ಯೂಟರ್ ಬಂದಿತ್ತು. ರೋಗಿಯ ನಂಬರ್ ಕೊಡದೆ ಅದು ಜಪ್ಪಯ್ಯ ಅಂದರೂ ಅಲುಗುತ್ತಿರಲಿಲ್ಲ. ಅವಳು ತಲೆಯಿದ್ದ ಪೆಟ್ಟಿಗೆ ಎತ್ತಿಕೊಂಡು ನೋಂದಣಿ ಕೌಂಟರಿಗೆ ಹೋದಳು. ಅಲ್ಲಿದ್ದ ಗುಮಾಸ್ತರು ನಿವೃತ್ತಿಗೆ ಹತ್ತಿರವಾಗಿದ್ದ, ಯಾವುದಕ್ಕೂ ಗಡಿಬಿಡಿ ಮಾಡದ ಮನುಷ್ಯ.

"ಹೆಸರು?"

"ಹೆಸರಿಲ್ಲ ಸರ್. ಇದು ಪ್ಲಾಸ್ಟಿಕ್ ತಲೆ."

"ಹೆಸರಿನ ಜಾಗ ಖಾಲಿ ಬಿಟ್ರೆ ಕಂಪ್ಯೂಟರ್ ಮುಂದಕ್ಕೆ ಹೋಗಲ್ಲಮ್ಮ." ಅವರು ಕತ್ತು ಚಾಚಿ ಪೆಟ್ಟಿಗೆಯತ್ತ ನೋಡಿದರು. ಅದರ ಮೇಲೆ ದಪ್ಪಕ್ಷರದಲ್ಲಿ 'ಜೋಪಾನ' ಎಂದಿತ್ತು. ಅದನ್ನೇ ಟೈಪ್ ಮಾಡಿದರು. "ವಯಸ್ಸು?"

"ತಯಾರಾಗಿ ಮೂರು ವರ್ಷ ಆಯ್ತು."

"ಮೂರು ವರ್ಷ. ತೂಕ?"

"ಎರಡೂವರೆ ಕೆಜಿ."

ಗುಮಾಸ್ತರು ಕನ್ನಡಕದ ಮೇಲಿಂದ ಅವಳನ್ನು ಕನಿಕರದಿಂದ ನೋಡಿದರು. "ನಿಮಗೇನಾಗ್ಬೇಕು?"

"ಏನೂ ಆಗ್ಬೇಕಿಲ್ಲ ಸರ್."

"ಏನಾದ್ರೂ ಆಗ್ಲೇಬೇಕು. ಸಂಬಂಧಿಕರಿಲ್ದೆ ಮಕ್ಕಳನ್ನ ಸೇರಿಸ್ಕೊಳ್ಳೋ ಹಾಗಿಲ್ಲ."

ಹಿಂದೆ ಸಾಲು ಬೆಳೆಯುತ್ತಿತ್ತು. ಯಾರೋ ಕೆಮ್ಮಿದರು. "ಚಿಕ್ಕಮ್ಮ ಅಂತ ಬರ್ಕೊಳ್ಳಿ," ಎಂದಳು.

ಸ್ಕ್ಯಾನೇನೋ ಆಯಿತು. ತಲೆಯನ್ನು ಅಲ್ಲೇ ಬಿಟ್ಟು ಅವಳು ಥಿಯೇಟರಿಗೆ ಹೋಗಿ ಕ್ಯಾಮೆರಾ ಚಾಲೂ ಮಾಡಿದಳು. ಅದು ಬೆಚ್ಚಗಾಗಲು ಅರ್ಧ ಗಂಟೆ ಬೇಕು. ಅವಳು ವಾಪಸ್ ಬರುವಷ್ಟರಲ್ಲಿ ಸ್ಕ್ಯಾನ್ ಡಾಕ್ಟರು ರಿಪೋರ್ಟ್ ಬರೆದಾಗಿತ್ತು: 'ಮೆದುಳು ಕಂಡುಬರುತ್ತಿಲ್ಲ. ಉಳಿದಂತೆ ತೊಂದರೆಯಿಲ್ಲ.' ಮೂರು ವರ್ಷದ ಮಗು, ಎರಡೂವರೆ ಕೆಜಿ ತೂಕ, ಮೆದುಳು ಬೇರೆ ಇಲ್ಲ. ಕೂಡಲೇ ಮಕ್ಕಳ ವಾರ್ಡಿಗೆ ಕಳಿಸಿಬಿಟ್ಟಿದ್ದರು.

ಅವಳು ಎದ್ದುಬಿದ್ದು ಓಡಿದಳು. ತಲೆಯನ್ನು ನಾಲ್ಕನೇ ಮಂಚದಲ್ಲಿ ದಿಂಬಿನ ಮೇಲಿಟ್ಟು ಗಲ್ಲದವರೆಗೂ ಹೊದಿಸಿದ್ದರು. ಕೈಗೆ ಕಟ್ಟಬೇಕಾದ ನಂಬರಿನ ಪಟ್ಟಿಯನ್ನು ದವಡೆಗೆ ಕಟ್ಟಿದ್ದರು.

"ಸಿಸ್ಟರ್, ಇದು ನನ್ನ ಸಾಮಾನು. ಪ್ಲಾಸ್ಟಿಕ್ಕು."

"ಪ್ಲಾಸ್ಟಿಕ್ ಅಂತ ನನಗೂ ಗೊತ್ತಮ್ಮ, ಕಣ್ಣಿದೆ ನನಗೆ," ಎಂದರು ವಾರ್ಡಿನ ಹಿರಿಯ ಸಿಸ್ಟರ್. "ಆದ್ರೆ ಫೈಲಲ್ಲಿ ಮಗು. ಡಾಕ್ಟರ್ ಬರೆದುಕೊಡ್ದೆ ಈ ವಾರ್ಡಿಂದ ಮಗು ಹೊರಗೆ ಹೋಗೋ ಹಾಗಿಲ್ಲ."

ಮೂರು ಗಂಟೆಗೆ ಮಕ್ಕಳ ಡಾಕ್ಟರು ಬಂದರು. ಅಭ್ಯಾಸಬಲದಿಂದ ಸ್ಟೆತಸ್ಕೋಪನ್ನು ಕಿವಿಗೆ ಹಾಕಿಕೊಂಡು, ಇನ್ನೊಂದು ತುದಿ ಎಲ್ಲಿಡುವುದೆಂದು ಹುಡುಕಿ, ಸುಮ್ಮನೆ ತೆಗೆದರು. ಫೈಲನ್ನು ಎರಡು ಸಲ ಓದಿದರು. "ಎರಡು ದಿನ ನೋಡೋಣ."

"ಏನನ್ನ ನೋಡೋದು ಡಾಕ್ಟರೇ?"

"ನೋಡಮ್ಮ, ಮೆದುಳಿಲ್ಲ ಅಂತ ರಿಪೋರ್ಟಿದೆ. ಹಾಗೇ ಮನೆಗೆ ಕಳ್ಸಿದ್ರೆ ನಾಳೆ ನನ್ನನ್ನ ಕೇಳ್ತಾರೆ."

ಅವಳು ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತಳು. ಪಕ್ಕದ ಮಂಚದ ಹುಡುಗನ ತಾಯಿ ಎದ್ದು ಬಂದು ಅವಳ ಭುಜದ ಮೇಲೆ ಕೈಯಿಟ್ಟಳು. "ಧೈರ್ಯ ತಂದ್ಕೊಳ್ಳಿ. ನಮ್ಮವನೂ ಮೊದಲು ಹೀಗೇ ಮಿಸುಕ್ತಾನೇ ಇರ್ಲಿಲ್ಲ." ವಿಷಯ ಬಿಡಿಸಿ ಹೇಳಬೇಕೆಂದು ಕ್ಯಾಮೆರಾ ಮೇಡಂ ಬಾಯಿ ತೆರೆದಳು. ಆದರೆ ಬೆಳಿಗ್ಗೆಯಿಂದ ಯಾರೂ ಅವಳೊಡನೆ ಇಷ್ಟು ಮೆತ್ತಗೆ ಮಾತಾಡಿರಲಿಲ್ಲ. "ಹೂಂ ಅಕ್ಕ," ಎಂದಷ್ಟೇ ಹೇಳಿದಳು.

ಕೊನೆಗೆ ಸರ್ಜನ್ನರಿಗೇ ಫೋನ್ ಮಾಡಿದಳು. ಅವರು ಎಲ್ಲವನ್ನೂ ಕೇಳಿಸಿಕೊಂಡು, "ವಾರ್ಡಿಂದ ಥಿಯೇಟರಿಗೆ ಬರೋಕೆ ಇರೋದು ಒಂದೇ ದಾರಿ. ಆಪರೇಷನ್ ಅಂತ ಬರೀತೀನಿ," ಎಂದರು. ಒಪ್ಪಿಗೆ ಪತ್ರಕ್ಕೆ ಅವಳು ಚಿಕ್ಕಮ್ಮನಾಗಿ ಸಹಿ ಹಾಕಿದಳು.

"ಕೊನೇ ಸಲ ತಿಂದಿದ್ದು ಯಾವಾಗ?" ಎಂದರು ಸಿಸ್ಟರ್.

"ಯಾವತ್ತೂ ತಿಂದಿಲ್ಲ."

"ಒಳ್ಳೇದಾಯ್ತು," ಎಂದು ಸಿಸ್ಟರ್ ಬರೆದುಕೊಂಡರು.

ಥಿಯೇಟರಿನಲ್ಲಿ ಒಂಬತ್ತು ಕುಳಿಗಳಿಗೂ ಸಲಾಕೆ ಮುಟ್ಟಿಸಿದಳು. ವ್ಯತ್ಯಾಸ ಒಂದು ಪಾಯಿಂಟ್ ಎಂಟು ಮಿಲಿಮೀಟರ್. ಇನ್ನೊಮ್ಮೆ ಮುಟ್ಟಿಸಿದಳು, ಅಷ್ಟೇ. ದೊಡ್ಡ ದೀಪ ಆರಿಸಿದಳು, ಹೊಳೆಯುವ ಟ್ರೇಗಳಿಗೆಲ್ಲ ಬಟ್ಟೆ ಮುಚ್ಚಿದಳು, ಕ್ಯಾಮೆರಾದ ತಿರುಪುಗಳನ್ನು ಬಿಗಿ ಮಾಡಿದಳು. ಆದರೂ ಅಷ್ಟೇ. ಸೋತು ತಲೆಯ ಮೇಲೆ ಬಗ್ಗಿದಾಗ ಮೂಗಿಗೆ ಘಮ್ಮೆಂದು ಪೌಡರ್ ವಾಸನೆ ಬಡಿಯಿತು.

ವಾರ್ಡಿಗೆ ಫೋನ್ ಮಾಡಿದಳು. "ಸಿಸ್ಟರ್, ತಲೆಗೆ ಪೌಡರ್ ಹಾಕಿದ್ರಾ?"

"ಮೈ ಒರೆಸಿದ್ಮೇಲೆ ಎಲ್ಲ ಮಕ್ಕಳಿಗೂ ಹಾಕ್ತೀವಲ್ಲಮ್ಮ. ಇವನಿಗೊಬ್ಬನಿಗೆ ಬೇಡ ಅಂತ ಹೇಗೆ ಬಿಡ್ಲಿ?"

ಹಣೆಯ ಗುಂಡುಗಳಿಗೆ ಒಂದು ಕಡೆ ಮಾತ್ರ ಪೌಡರ್ ಮೆತ್ತಿತ್ತು. ಆ ಮಸುಕಿನಿಂದ ಗುಂಡಿನ ನಡುಮಧ್ಯ ಎಲ್ಲಿದೆಯೆಂಬುದು ಕ್ಯಾಮೆರಾಕ್ಕೆ ತಿಳಿಯುತ್ತಿರಲಿಲ್ಲ. ಹೊಸ ಗುಂಡುಗಳನ್ನು ಹಾಕಿದಳು. ವ್ಯತ್ಯಾಸ ಪಾಯಿಂಟ್ ಮೂರಕ್ಕೆ ಇಳಿಯಿತು. ಅವಳು ನೆಲದ ಮೇಲೆ ಕೂತು ಒಂದು ಲೋಟ ನೀರು ಕುಡಿದಳು.

ಆಪರೇಷನ್ ಆದ ಮಗುವನ್ನು ವಾರ್ಡಿಗೆ ವಾಪಸ್ ಕಳಿಸಲೇಬೇಕಿತ್ತು, ಕಳಿಸಿದಳು. ಮರುದಿನ ಡ್ರೈವರನ ಗಡ್ಡೆ ಪೂರ್ತಿ ಹೊರಬಂತು. ಸಂಜೆ ಕಣ್ಣು ಬಿಟ್ಟವನು ಮೊದಲು, ತನ್ನ ಬಸ್ಸಿಗೆ ಯಾರನ್ನು ಹಾಕಿದ್ದಾರೆಂದು ಕೇಳಿದನಂತೆ.

ಮೂರನೇ ದಿನ ಮಕ್ಕಳ ಡಾಕ್ಟರು ಫೈಲಿನಲ್ಲಿ ಬರೆದರು: 'ಮೆದುಳು ಇನ್ನೂ ಕಂಡುಬರುತ್ತಿಲ್ಲ. ಅಳುತ್ತಿಲ್ಲ. ಮನೆಗೆ ಹೋಗಬಹುದು.' ಸಿಸ್ಟರ್ ತಲೆಯನ್ನು ಒಂದು ಟವೆಲಿನಲ್ಲಿ ಸುತ್ತಿ ಅವಳ ಕೈಗಿತ್ತರು. "ಗಾಳಿ ತಾಗದ ಹಾಗೆ ಕರ್ಕೊಂಡ್ಹೋಗಿ."

ಲಿಫ್ಟ್ ಬರುವುದು ತಡವಾಯಿತು. ಕಾಯುತ್ತ ನಿಂತವಳಿಗೆ, ತಾನು ಆ ಗಂಟನ್ನು ಹೆಗಲಿಗೆ ಒರಗಿಸಿಕೊಂಡು ಮೆಲ್ಲಗೆ ತಟ್ಟುತ್ತಿರುವುದು ಅರಿವಿಗೆ ಬಂತು. ಅತ್ತಿತ್ತ ನೋಡಿದಳು. ಯಾರೂ ಇರಲಿಲ್ಲ. ಲಿಫ್ಟ್ ಬರುವವರೆಗೂ ತಟ್ಟುತ್ತಲೇ ಇದ್ದಳು.